ತಿದ್ದಿಸಿಕೊಳ್ಳದ ಪೇಟಿ–ಢೋಲಕಿ

ಹಾಡುವವರನ್ನು ಪೇಚಾಟ ಹುಡುಕಿಕೊಂಡು ಬರುತ್ತದೆ. ಜೋಡಿಯಾಗಿ ಹಾಡುವವರ ಮನೆಗೆ ಅದು ವಾರಕ್ಕೊಮ್ಮೆ ಬಂದು, ಚಹಾ ಕುಡಿದು ಹೋಗುತ್ತದೆ. ಇಪ್ಪತ್ತೆಂಟು ವರ್ಷಗಳಿಂದ ನಾನು ಇದನ್ನು ನೋಡುತ್ತಲೇ ಇದ್ದೇನೆ.

ನಾನು ಟರ್ನರ್. ಪುಣೆಯ ನಿಗಡಿಯ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತು ನನ್ನ ಅರ್ಧ ಆಯುಷ್ಯ ಕಳೆಯಿತು. ಪಕ್ಕದ ಶೆಡ್ಡಿನಲ್ಲಿ ಒಬ್ಬ ವೆಲ್ಡರ್ ಇದ್ದ. ನಾನು ವಿಜಯಪುರದ ಕಡೆಯಿಂದ ಬಂದವನು, ಅವನು ಪುಣೆಯಲ್ಲೇ ಹುಟ್ಟಿದವನು. ನಾನು ಪೇಟಿ ಬಾರಿಸುತ್ತಿದ್ದೆ, ಅಂದರೆ ಹಾರ್ಮೋನಿಯಂ. ಅವನು ಢೋಲಕಿ ಬಾರಿಸುತ್ತಿದ್ದ. ಇಬ್ಬರೂ ಊಟದ ಬಿಡುವಿನಲ್ಲಿ ಹಾಡು ಕಟ್ಟಿದೆವು. ನಲ್ಲಿ ನೀರು, ಸಿಟಿ ಬಸ್ಸು, ಕ್ಯಾಂಟೀನಿನ ಚಹಾ, ಸಿಟ್ಟು ಮಾಡಿಕೊಂಡ ಹೆಂಡತಿ, ಇವೇ ನಮ್ಮ ವಸ್ತು. ಜನ ನಮ್ಮ ಹೆಸರು ಮರೆತು ನಮ್ಮನ್ನು ಪೇಟಿ–ಢೋಲಕಿ ಎಂದೇ ಕರೆಯತೊಡಗಿದರು. ಒಬ್ಬನೇ ಬಜಾರಿಗೆ ಹೋದರೂ "ಪೇಟಿ–ಢೋಲಕಿ ಬಂದ್ರು ನೋಡ್ರಿ" ಎಂದು ಬಹುವಚನದಲ್ಲೇ ಸ್ವಾಗತ ಸಿಗುತ್ತಿತ್ತು.

ನಮ್ಮದು ಎರಡೇ ಹಟ. ಹಾಡಿದರೆ ಇಬ್ಬರೂ ಹಾಡಬೇಕು. ಹಾಡಿದರೆ ಮನೆಯಲ್ಲಿ ಮಾತಾಡುವ ಮಾತಿನಲ್ಲೇ ಹಾಡಬೇಕು. ಇವೆರಡನ್ನು ಬಿಡಿಸಲು ಬಂದವರೆಲ್ಲ ತಿಳಿದವರೇ, ನಮ್ಮ ಹಿತ ಬಯಸಿದವರೇ. ಅವರ ಕಾಟದಲ್ಲಿ ನಾವು ಹಾಡುವುದೇ ಕಷ್ಟವಾಗಿತ್ತು.

ಫೋರ್‌ಮನ್ ಸಾಹೇಬರ ಭಜನೆ

ನಮ್ಮ ಮೊದಲ ಹಾಡು ಖಂಡೇನವಮಿಯ ದಿನ ಆಯಿತು. ಅಂದು ಮಶೀನುಗಳಿಗೆ ಪೂಜೆ, ಕೆಲಸಕ್ಕೆ ರಜೆ, ಎಲ್ಲರ ಹಣೆಯ ಮೇಲೂ ಕುಂಕುಮ. ಆರತಿ ಮುಗಿದ ಮೇಲೆ ಯಾರೋ "ಹಾಡ್ರಪ್ಪಾ" ಅಂದರು. ನಮ್ಮ ಹತ್ತಿರ ಆಗ ಇದ್ದದ್ದು ಒಂದೇ ಹಾಡು. ಅದು ಫೋರ್‌ಮನ್ ಸಾಹೇಬರ ಮೇಲೆ ಕಟ್ಟಿದ್ದು. ಫೋರ್‌ಮನ್ ಸಾಹೇಬರು ಮೊದಲ ಸಾಲಿನಲ್ಲೇ ಕುಳಿತಿದ್ದರು.

ನಾನು ಬೆವರಿದೆ. ಢೋಲಕಿಯವನು ಬೆವರುವ ಜಾತಿಯವನಲ್ಲ. "ಅವ್ರಿಗೆ ಕನ್ನಡ ಎಲ್ಲಿ ಬರ್ತದ ಅಣ್ಣಾ, ಹೊಡಿ" ಅಂದವನೇ ಶುರು ಮಾಡಿಬಿಟ್ಟ.

"ಮುಂಜಾನಿಂದ ಸಂಜಿ ತನಕ ಊದೂದ ಒಂದ ಕೆಲಸಾ,
ಊದಿ ಊದಿ ನೋಡ್ರಿ ಗಲ್ಲ ಆಗ್ಯಾವ ಪೂರಿ!"

ಫೋರ್‌ಮನ್ ಸಾಹೇಬರ ಕೊರಳಲ್ಲಿ ಸದಾ ಒಂದು ಸೀಟಿ ಜೋತಾಡುತ್ತಿತ್ತು. ನಮ್ಮ ಕನ್ನಡದ ನಾಲ್ಕು ಜನ ಬಾಯಿಗೆ ಕರವಸ್ತ್ರ ತುರುಕಿಕೊಂಡರು. ಫೋರ್‌ಮನ್ನರು ಮಾತ್ರ ಗಂಭೀರವಾಗಿ ತಾಳ ಹಾಕಿದರು. ಹಾಡು ಮುಗಿದ ಮೇಲೆ ಮರಾಠಿಯಲ್ಲಿ ಕೇಳಿದರು, "ಚೆನ್ನಾಗಿತ್ತು. ಯಾವ ದೇವರದು?"

ಢೋಲಕಿಯವನು ರೆಪ್ಪೆ ಬಡಿಯದೆ ಅಂದ, "ಗ್ರಾಮದೇವರದು ಸಾಹೇಬ."

"ನಡುವೆ ಪೂರಿ ಅಂದಿರಲ್ಲ?"

"ಅದು ನೈವೇದ್ಯ ಸಾಹೇಬ."

ಅಲ್ಲಿಂದ ಪ್ರತಿ ಖಂಡೇನವಮಿಗೆ ಆರತಿ ಆದ ಮೇಲೆ ಫೋರ್‌ಮನ್ ಸಾಹೇಬರು ತಾವಾಗಿಯೇ "ಆ ಪೂರಿಯ ಭಜನೆ ಆಗಲಿ" ಎನ್ನುತ್ತಿದ್ದರು. ಟೋಪಿ ತೆಗೆದು, ಕಣ್ಣು ಮುಚ್ಚಿ, ಕೈಮುಗಿದು ಕೇಳುತ್ತಿದ್ದರು. ನಮಗೂ ನಿಧಾನಕ್ಕೆ ಭಕ್ತಿ ಬರತೊಡಗಿತು. ಹನ್ನೊಂದು ವರ್ಷ ಹೀಗೇ ನಡೆಯಿತು.

ಅವರು ನಿವೃತ್ತರಾದ ದಿನ ಕ್ಯಾಂಟೀನಿನಲ್ಲಿ ಬೀಳ್ಕೊಡುಗೆ ಇತ್ತು. ಮೊದಲ ಸಲ ಹೆಂಡತಿಯನ್ನು ಕರೆತಂದಿದ್ದರು. "ಇವಳು ನಿಪ್ಪಾಣಿಯವಳು, ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಬೈಯುತ್ತಾಳೆ, ನನಗೆ ಇವತ್ತಿಗೂ ಒಂದಕ್ಷರ ತಿಳಿಯುವುದಿಲ್ಲ" ಎಂದು ಹೆಮ್ಮೆಯಿಂದ ಪರಿಚಯಿಸಿದರು. ಆಮೇಲೆ "ಕೊನೆಯ ಸಲ ನನ್ನ ಭಜನೆ ಹಾಡಿರಿ" ಅಂದರು.

ಓಡಿಹೋಗಲು ನಾನು ಬಾಗಿಲು ನೋಡಿದೆ. ಢೋಲಕಿಯವನು ನನ್ನ ಪೇಟಿಯ ಮೇಲೆ ಕೈಯೂರಿ ಕುಳಿತಿದ್ದ. ಹಾಡಿದೆವು. ಫೋರ್‌ಮನ್ನರು ಕೈಮುಗಿದು ಕಣ್ಣು ಮುಚ್ಚಿದ್ದರು. ಆ ತಾಯಿ ಸೆರಗು ಬಾಯಿಗಿಟ್ಟುಕೊಂಡವರು ಹಾಡು ಮುಗಿಯುವವರೆಗೆ ತೆಗೆಯಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಎಲ್ಲ ಮುಗಿದ ಮೇಲೆ ನೇರವಾಗಿ ನಮ್ಮ ಹತ್ತಿರ ಬಂದರು. ಕೆಲಸ ಹೋಯಿತೆಂದೇ ನಾನು ತಿಳಿದೆ.

ಅವರು ತಗ್ಗಿದ ದನಿಯಲ್ಲಿ ಕೇಳಿದರು, "ಯಣ್ಣಾ, ಇದರಾಗ ಗೊರಕಿ ಸುದ್ದಿ ಏನೂ ಬಂದಿಲ್ಲಲ್ರಿ? ಅದರದೊಂದು ನುಡಿ ಹಾಕ್ರಿ."

ನಾಡದ ಬರ್ತೀನಿ

ನಮ್ಮ ಸಂಬಂಧಿಕರಲ್ಲಿ ಒಬ್ಬ ತರುಣ ನಿಗಡಿಯ ಮನೆಯ ಒಂದು ಕೋಣೆಯ ಗೋಡೆಗೆಲ್ಲ ಸ್ಪಂಜು ಅಂಟಿಸಿ ರೆಕಾರ್ಡಿಂಗ್ ಸ್ಟುಡಿಯೊ ಮಾಡಿದ್ದಾನೆ. "ಕಾಕಾ, ನಿಮ್ಮ ಹಾಡು ಮೊಬೈಲಿನ್ಯಾಗ ಹಾಕೂಣು, ಇಡೀ ಜಗತ್ತ ನೋಡ್ತದ" ಅಂದ. ಜಗತ್ತು ಬೇಡ, ಪಕ್ಕದ ಚಿಂಚವಡದವರು ನೋಡಿದರೆ ಸಾಕು ಎಂದು ನಾನು ಹೋದೆ.

ನಾವು ಹಾಡುವ ಪದ್ಧತಿಯನ್ನು ಇಲ್ಲಿ ಹೇಳಬೇಕು. ಢೋಲಕಿಯವನು ಒಂದು ಸಾಲು ಎತ್ತುತ್ತಾನೆ, ನಾನು ಅದನ್ನೇ ತಿರುಗಿಸಿ ಹಾಡುತ್ತೇನೆ. ಅವನು ಏನು ಹಾಡಿದ ಎಂದು ನಾನು ಯೋಚಿಸುವುದಿಲ್ಲ. ಅವನ ಬಾಯಿಂದ ಬಿದ್ದದ್ದು ನನ್ನ ಬಾಯಿಂದ ಎದ್ದೇ ಏಳುತ್ತದೆ. ಬೆರಳು ಪೇಟಿ ನೋಡಿಕೊಳ್ಳುತ್ತದೆ, ತಲೆ ಆರಾಮಾಗಿ ಇರುತ್ತದೆ.

ಆ ತರುಣ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದ, ಗಾಜಿನ ಆಚೆ ಹೋಗಿ ಕುಳಿತ, ಹೆಬ್ಬೆರಳು ಎತ್ತಿ ತೋರಿಸಿದ. ನಾನೂ ಹೆಬ್ಬೆರಳು ತೋರಿಸಿದೆ. ಅವನು ಮತ್ತೆ ತೋರಿಸಿದ, ನಾನೂ ತೋರಿಸಿದೆ. ಕೊನೆಗೆ ಅವನು ಬಾಗಿಲು ತೆಗೆದು ಒಳಗೆ ಬಂದ.

"ಯಾಕ ಕಾಕಾ, ಹಾಡವಲ್ರಿ?"

"ಅವಾ ಎಲ್ಲಿ?"

"ಢೋಲಕಿ ಕಾಕಾಗ ನಾಳಿ ಬರ್ರಿ ಅಂದೀನ್ರಿ. ಈಗೆಲ್ಲ ಹಂಗ ಮಾಡ್ತಾರ್ರಿ. ಒಬ್ಬೊಬ್ಬರದು ಬ್ಯಾರೆ ಬ್ಯಾರೆ ತಗೊಂಡು ಆಮ್ಯಾಲೆ ಜೋಡಸ್ತೀವಿ. ಖರೆ ಹೇಳಬೇಕಂದ್ರ ನಿಮ್ಮ ದನಿನ ಚಲೋ ಅದ, ಅವರನ್ನ ಬಿಟ್ರೂ ನಡೀತದ್ರಿ."

ಆ ಕೊನೆಯ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಹೆಡ್‌ಫೋನ್ ತೆಗೆದು ಅವನ ಕೈಗಿಟ್ಟೆ.

"ಅವಾ ಮೊದಲ ಹಾಡಬೇಕು, ಆಮ್ಯಾಲೆ ನಾ. ಅವಾ ನಾಳಿ ಬರ್ತಾನಂದ್ರ ನಾ ನಾಡದ ಬರ್ತೀನಿ."

ಅರ್ಥವಾಗದ ಹಾಡು

ಹಿಂಜವಡಿಯ ಕಡೆ ದೊಡ್ಡ ದೊಡ್ಡ ಸೊಸೈಟಿಗಳಿವೆ, ಅಂದರೆ ಅಪಾರ್ಟ್‌ಮೆಂಟುಗಳು. ಅಲ್ಲೊಂದರಲ್ಲಿ ಬೆಂಗಳೂರು, ಮೈಸೂರಿನ ಕಡೆಯ ಎಂಜಿನಿಯರುಗಳು ಸೇರಿ ಒಂದು ಭಾನುವಾರ ಬೆಳಿಗ್ಗೆ ರಾಜ್ಯೋತ್ಸವ ಇಟ್ಟುಕೊಂಡಿದ್ದರು. ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹೆಣ್ಣುಮಗಳು ಬಹಳ ಒಳ್ಳೆಯವಳು. ನಮ್ಮನ್ನು ಕೂರಿಸಿ ಉಪ್ಪಿಟ್ಟು ಕೊಟ್ಟು ಮೆಲ್ಲಗೆ ವಿಷಯಕ್ಕೆ ಬಂದಳು.

"ಅಂಕಲ್, ನಿಮ್ ಸಾಂಗ್ಸ್ ತುಂಬ ಕ್ಯೂಟ್ ಆಗಿದೆ. ಬಟ್ ಇಲ್ಲಿ ಯಾರಿಗೂ ಅರ್ಥ ಆಗಲ್ಲ ಅನ್ಸುತ್ತೆ. ಸ್ವಲ್ಪ ನಾರ್ಮಲ್ ಕನ್ನಡದಲ್ಲಿ ಹಾಡಕ್ಕಾಗುತ್ತಾ?"

ಢೋಲಕಿಯವನು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. "ಯವ್ವಾ, ನಮ್ಮವ್ವ ನನ್ನ ಬೈದಿದ್ದು, ಉಣಸಿದ್ದು ಎಲ್ಲಾ ಇದರಾಗ. ನನಗ ಇದ ನಾರ್ಮಲ್."

ಅವಳು ನಕ್ಕು ಮೈಕಿನ ಕಡೆ ಕೈ ತೋರಿಸಿದಳು. ನಾವು ವೇದಿಕೆ ಹತ್ತಿದೆವು. ಆವತ್ತು ಆ ಸೊಸೈಟಿಯಲ್ಲಿ ಬೆಳಗಿನಿಂದ ನೀರಿಲ್ಲ, ಟ್ಯಾಂಕರಿನ ದಾರಿ ಕಾಯುತ್ತಿದ್ದಾರೆ ಎಂಬುದು ನಮಗೆ ಗೊತ್ತಿರಲಿಲ್ಲ. ಢೋಲಕಿಯವನು ನಮ್ಮ ನೀರಿನ ಹಾಡನ್ನು ಎತ್ತಿದ.

"ನೀರ ಬಂತ ನೀರ, ಏಳ್ರೆವ್ವಾ ಏಳ್ರಿ,
ಕೊಡಾ ಇಲ್ಲಂದ್ರ ಬಕೀಟ ಹಿಡದ ಓಡ್ರಿ!"

ನಾನು ಕಣ್ಣು ಮುಚ್ಚಿ ತಿರುಗಿಸಿ ಹಾಡಿದೆ. ಕಣ್ಣು ತೆರೆದರೆ ಹಿಂದಿನ ನಾಲ್ಕು ಸಾಲು ಖಾಲಿ. ಮಧ್ಯದ ಸಾಲಿನವರು ಎದ್ದು ಸೀರೆ ಎತ್ತಿ ಹಿಡಿದು ಲಿಫ್ಟಿನ ಕಡೆ ಓಡುತ್ತಿದ್ದರು. ಒಬ್ಬರು ರೇಷ್ಮೆ ಪಂಚೆಯಲ್ಲಿ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದರು. ಅರ್ಥವಾಗುವುದಿಲ್ಲ ಎಂದವರಿಗೆ ಒಂದೂ ಅಕ್ಷರ ಬಿಡದೆ ಅರ್ಥವಾಗಿತ್ತು!

ಹತ್ತು ನಿಮಿಷದ ಮೇಲೆ ಎಲ್ಲರೂ ಒಣ ಕೈಯಲ್ಲಿ, ಸಿಟ್ಟಿನ ಮುಖದಲ್ಲಿ ವಾಪಸು ಬಂದರು. ಆ ಹೆಣ್ಣುಮಗಳು ಮೈಕು ಹಿಡಿದು, "ಅದು ಬರೀ ಸಾಂಗ್, ನೀರು ಬಂದಿಲ್ಲ, ದಯವಿಟ್ಟು ಯಾರೂ ಏಳಬೇಡಿ" ಎಂದು ಮೂರು ಸಲ ಹೇಳಿದಳು. ಜನ ತಮ್ಮನ್ನು ತಾವೇ ನೆನೆದು ನಕ್ಕರು, ಮತ್ತೆ ಅದೇ ಹಾಡು ಬೇಕೆಂದರು. ಎರಡನೆಯ ಸಲ ಹಾಡು ರಂಗೇರಿದಾಗ ವಾಚ್‌ಮನ್ ಗೇಟಿನಿಂದ ಓಡಿ ಬಂದು, ನಿಜವಾಗಿ ಟ್ಯಾಂಕರ್ ಬಂದಿದೆ, ನೀರು ಅರ್ಧ ಗಂಟೆ ಮಾತ್ರ ಎಂದು ಎರಡೂ ಕೈ ಎತ್ತಿ ಕೂಗತೊಡಗಿದ.

ಒಬ್ಬರೂ ಏಳಲಿಲ್ಲ. ಅವನೂ ನಮ್ಮ ಮೇಳದವನೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದೇ ಶಾಲು

ಪುಣೆ ಹತ್ತಿರದ ಭೋರ್‌ನಲ್ಲಿ ಬಟ್ಟೆ ಅಂಗಡಿ ಇಟ್ಟ ನಮ್ಮ ಕಡೆಯ ವ್ಯಾಪಾರಿಯೊಬ್ಬರು ತಮ್ಮ ಗಣಪತಿ ಮಂಡಳಕ್ಕೆ ನಮ್ಮನ್ನು ಕರೆಸಿದ್ದರು. ಆ ಕಡೆ ಕಲಾವಿದ ಬಂದರೆ ಮೊದಲು ಸತ್ಕಾರ, ಆಮೇಲೆ ಹಾಡು. ಸತ್ಕಾರವೆಂದರೆ ಶಾಲು ಮತ್ತು ತೆಂಗಿನಕಾಯಿ. ವ್ಯಾಪಾರಿಗಳು ನನಗೆ ಶಾಲು ಹೊದಿಸಿದರು, ಕಾಯಿ ಕೊಟ್ಟರು. ಢೋಲಕಿಯವನಿಗೆ ಬರೀ ಕಾಯಿ ಕೊಟ್ಟು ಮುಂದೆ ನಡೆದರು.

"ಇವರಿಗೆ ಶಾಲು?" ಅಂದೆ.

"ಶಾಲು ಹಾಡೂವ್ರಿಗಷ್ಟ ಇರ್ತದ್ರಿ. ಬಾರಸೂವ್ರಿಗೆ ಕಾಯಿ."

ನನಗೆ ಸಿಟ್ಟು ನೆತ್ತಿಗೇರಿತು. ಶಾಲು ಬಿಚ್ಚಿ ವಾಪಸು ಕೊಟ್ಟರೆ ಗಣಪತಿಯ ಮುಂದೆ ಅಪಚಾರ. ಇಟ್ಟುಕೊಂಡರೆ ನಮ್ಮ ಜೋಡಿಗೆ ಅಪಚಾರ. ಕಡೆಗೆ ಢೋಲಕಿಯವನನ್ನು ಪಕ್ಕಕ್ಕೆ ಎಳೆದು, ಅರ್ಧ ಶಾಲನ್ನು ಅವನ ಹೆಗಲಿಗೆ ಹಾಕಿ, ತುದಿಗಳೆರಡನ್ನೂ ಮುಂದೆ ಗಂಟು ಹಾಕಿಬಿಟ್ಟೆ. "ಈಗ ಇಬ್ಬರಿಗೂ ಆತು. ಹಾಡ್ತೀವಿ" ಅಂದೆ.

ಇಡೀ ಕಾರ್ಯಕ್ರಮ ಹಾಗೇ ನಡೆಯಿತು. ಅವನು ಢೋಲಕಿಗೆ ಬಾಗಿದರೆ ನಾನೂ ಬಾಗಬೇಕು, ನಾನು ಪೇಟಿಯ ತಿದಿ ಎಳೆದರೆ ಅವನ ಕುತ್ತಿಗೆ ಹಿಂದಕ್ಕೆ ಹೋಗಬೇಕು. ತಾಳ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಮುಂದಿನ ಸಾಲಿನ ಒಬ್ಬ ಅಜ್ಜಿಗೆ ಏನು ತಿಳಿಯಿತೋ, ಎದ್ದು ಬಂದು ನಮ್ಮಿಬ್ಬರ ತಲೆಯ ಮೇಲೂ ಅಕ್ಷತೆ ಹಾಕಿ ಹೋದಳು. ಆ ಹೊತ್ತಿಗೇ ಯಾರೋ ಫೋಟೊ ಹೊಡೆದರು.

ನಾನು ಮನೆ ಮುಟ್ಟುವ ಮೊದಲೇ ಫೋಟೊ ಮನೆ ಮುಟ್ಟಿತ್ತು. ಹೆಂಡತಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು, "ನಮ್ಮ ಮದುವಿ ಫೋಟೊದಾಗ ನೀವು ಇಷ್ಟು ಹತ್ರ ಕುಂತಿಲ್ಲ. ಇಷ್ಟು ನಕ್ಕೂ ಇಲ್ಲ."

ತಕ್ಕದ್ದು

ಇಷ್ಟರವರೆಗೆ ಹೇಳಿದ್ದರಲ್ಲಿ ನಾವು ಶೂರರು. ಈಗ ನಾನು ಹೇಡಿಯಾದ ಕಥೆ ಹೇಳುತ್ತೇನೆ.

ಮದುವೆ, ಮಂಡಳಗಳಿಗೆಲ್ಲ ಈಗ ಡಿಜೆ ಬಂದಿದೆ. ನಮ್ಮಂಥವರಿಗೆ ಗಟ್ಟಿಯಾಗಿ ಉಳಿದ ಕನ್ನಡದ ವೇದಿಕೆ ಒಂದೇ, ನಮ್ಮ ಕಡೆಯ ಕನ್ನಡಿಗರ ಸಂಘದ ವಾರ್ಷಿಕೋತ್ಸವ. ವರ್ಷಕ್ಕೊಮ್ಮೆ ಹೋಟೆಲಿನವರು, ಅಂಗಡಿಯವರು, ಆಫೀಸಿನವರು ಮಕ್ಕಳು ಮರಿಗಳೊಂದಿಗೆ ಬಂದು ಕೂರುತ್ತಾರೆ. ಅದೂ ಹೋದರೆ ಪೇಟಿ–ಢೋಲಕಿ ಅಟ್ಟ ಸೇರುವುದೇ ಸೈ.

ಹೋದ ವರ್ಷ ಸಂಘಕ್ಕೆ ಹೊಸ ಸಾಂಸ್ಕೃತಿಕ ಕಾರ್ಯದರ್ಶಿಗಳು ಬಂದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು, ಶುದ್ಧ ಕನ್ನಡದ ಅಭಿಮಾನಿಗಳು. ಮಾತಾಡಿದರೂ ಸುತ್ತೋಲೆ ಓದಿದಂತೆ ಇರುತ್ತದೆ. ಅವರು ನಮ್ಮನ್ನು ಕರೆಸಿ ಅಂದರು, "ಈ ಬಾರಿ ಗಣ್ಯರಾದ ಮುಖ್ಯ ಅತಿಥಿಗಳು ಆಗಮಿಸುತ್ತಿದ್ದಾರೆ. ತಮ್ಮ ನೀರಿನ ಗೀತೆಯನ್ನು ನಾನೇ ಪರಿಷ್ಕರಿಸಿದ್ದೇನೆ. ಅದನ್ನು ಹಾಡುವುದಾದರೆ ಹೆಸರು ಹಾಕುತ್ತೇನೆ, ಇಲ್ಲವಾದರೆ ಇಲ್ಲ."

ಬರೆದ ಕಾಗದವನ್ನು ನಮ್ಮ ಮುಂದಿಟ್ಟು ತಾವೇ ಓದಿ ತೋರಿಸಿದರು:

"ಜಲಧಾರೆ ಬಂದಿಹುದು, ಏಳಿರೌ ಮಾತೆಯರೆ,
ಕುಂಭವಿಲ್ಲದಿರಲು ಪಾತ್ರೆಯಂ ಪಿಡಿದು ಧಾವಿಸಿರಿ."

ಢೋಲಕಿಯವನು ನನ್ನನ್ನು ನೋಡಿದ. "ಅಣ್ಣಾ, ಪಿಡಿದು ಅಂದ್ರೇನು?"

"ಹಿಡದು."

"ಮತ್ತ ಹಿಡದು ಅಂದ್ರ ಏನಾಗ್ತದ?"

"ಹೆಸರ ಹಾಕೂದಿಲ್ಲ."

ಅವನು "ನಡಿ ಹೋಗೂಣು" ಎಂದು ಎದ್ದ. ನಾನು ಏಳಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಹಾಗಾಯಿತು. ಇದೊಂದು ವೇದಿಕೆ ಹೋದರೆ ಜೋಡಿಯೇ ಮುಗಿಯಿತು ಎಂಬ ಅಂಜಿಕೆಯಲ್ಲಿ, "ಆಗಲಿ ಸಾಹೇಬ್ರ, ಹಾಡ್ತೀವಿ" ಅಂದುಬಿಟ್ಟೆ. ಢೋಲಕಿಯವನ ಮುಖ ಸಣ್ಣದಾಯಿತು. ಕಾಗದ ಮಡಚಿ ಜೇಬಿನಲ್ಲಿಟ್ಟುಕೊಂಡು ಹೊರಟುಹೋದ. ನನಗೆ ನಾಚಿಕೆಯಾಯಿತು, ಆದರೆ ಕರೆಯುವ ಧೈರ್ಯ ಬರಲಿಲ್ಲ.

ನಮ್ಮ ಢೋಲಕಿಯವನಿಗೆ ಕನ್ನಡ ಓದಲು ಬರುವುದಿಲ್ಲ. ಮರಾಠಿ ಶಾಲೆಯಲ್ಲಿ ಕಲಿತವನು, ಪುಣೆಯಲ್ಲಿ ಬೆಳೆದ ನಮ್ಮ ಎಷ್ಟೋ ಮಂದಿ ಹೀಗೆಯೇ. ಮಾತು ಕನ್ನಡ, ಅಕ್ಷರ ಮರಾಠಿ. ಹೊಸ ಹಾಡಾದರೆ ನಾನು ಓದುತ್ತಿದ್ದೆ, ಅವನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ. ಈ ಸಲ ನನ್ನ ಮೇಲಿನ ಸಿಟ್ಟಿಗೆ ನನ್ನ ಹತ್ತಿರ ಬರಲೇ ಇಲ್ಲ. ಓಣಿಯ ತುದಿಯಲ್ಲಿ ಉಡುಪಿ ಕಡೆಯವರೊಬ್ಬರ ಹೋಟೆಲಿದೆ. ಆ ಹೋಟೆಲಿನ ಮಾಲೀಕರಿಂದ ಓದಿಸಿ, ಕಾಲೇಜಿಗೆ ಹೋಗುವ ತನ್ನ ಮಗಳ ಕೈಯಿಂದ ಬರೆಸಿಕೊಂಡಿದ್ದ.

ಎಡವಟ್ಟಾದದ್ದು ಕಾಗದದಿಂದ. ನಮ್ಮ ಕಾರ್ಯದರ್ಶಿಗಳು ಒಂದು ಬದಿ ಬರೆದ ಕಾಗದವನ್ನು ಎಂದೂ ಎಸೆಯುವವರಲ್ಲ. ಅದರ ಬೆನ್ನಿಗೆ ಇನ್ನೊಂದು ಬರೆಯುತ್ತಾರೆ. ಬ್ಯಾಂಕಿನಲ್ಲಿದ್ದಾಗಿನ ಶಿಸ್ತು ಅದು. ನಿರೂಪಕರಿಗೆಂದು ಮೊದಲು ಒಂದು ಸೂಚನೆ ಬರೆದಿದ್ದರಂತೆ, ಕೈಬರಹ ಚೆನ್ನಾಗಿ ಬಂದಿಲ್ಲವೆಂದು ಅದನ್ನು ಬದಿಗಿಟ್ಟು ಬೇರೆ ಬರೆದರಂತೆ. ಆ ಹಳೆಯ ಹಾಳೆಯ ಬೆನ್ನ ಮೇಲೆ ನಮ್ಮ ಹಾಡು ಇಳಿದಿತ್ತು. ಹೋಟೆಲಿನವರು ಕಾಗದವನ್ನು ಎರಡೂ ಬದಿ ಓದಿದರು. ಮಗಳು ಎರಡೂ ಬದಿ ಬರೆದಳು.

ಭಾನುವಾರ ಮಧ್ಯಾಹ್ನ ಸಭಾಗೃಹ ತುಂಬಿತ್ತು. ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದರು. ಅಷ್ಟರೊಳಗೆ ಆಗಲಿ ಎಂದು ನಮ್ಮನ್ನು ವೇದಿಕೆಗೆ ಬಿಟ್ಟರು. ಢೋಲಕಿಯವನು ನನ್ನ ಕಡೆ ನೋಡದೆ ಕುಳಿತು ಜಲಧಾರೆ ಹಾಡಿದ. ನಾನು ಹಿಂದೆ ಹಿಂದೆ ಹಾಡಿದೆ. ಜನ ಯಾರೋ ತೀರಿಕೊಂಡವರ ಮನೆಗೆ ಬಂದಂತೆ ಕೂತಿದ್ದರು. ಮುಗಿದಾಗ ನಾಲ್ಕು ಮಂದಿ ಕೈ ತಟ್ಟಿದರು, ಅದರಲ್ಲಿ ಒಬ್ಬರು ಕಾರ್ಯದರ್ಶಿಗಳು.

ಢೋಲಕಿಯವನು ಹಾಳೆ ತಿರುವಿದ. ಒಮ್ಮೆಲೇ ನಮ್ಮ ಹಳೆಯ, ಕುಣಿಸುವ ತಾಳದ ಠೇಕಾ ಹಿಡಿದ. ನನ್ನ ಜೀವಕ್ಕೆ ಜೀವ ಬಂತು. ಸಿಟ್ಟು ಹೋಯಿತು, ನಮ್ಮ ಹಾಡು ಎತ್ತುತ್ತಿದ್ದಾನೆ ಎಂದು ಕಣ್ಣು ಮುಚ್ಚಿ ಪೇಟಿಯನ್ನು ಎಳೆದೆ. ಅವನು ಎತ್ತಿದ:

"ಇವರಿಬ್ಬರಿಗೆ ಒಂದೇ ಗೀತೆ ಕೊಡತಕ್ಕದ್ದು!"

"ಕೊಡತಕ್ಕದ್ದು!" ಎಂದು ನಾನು ತಿರುಗಿಸಿದೆ.

"ಇವರ ಭಾಷೆ ಗ್ರಾಮ್ಯವಿದೆ, ಮೈಕು ತಗ್ಗಿಸತಕ್ಕದ್ದು!"

"ಆಹಾ, ತಗ್ಗಿಸತಕ್ಕದ್ದು!"

"ಅತಿಥಿಗಳು ಬರುವ ಮುನ್ನ ಪರದೆ ಎಳೆಯತಕ್ಕದ್ದು!"

"ಎಳೆಯತಕ್ಕದ್ದು, ಎಳೆಯತಕ್ಕದ್ದು!"

ಸಭೆಯಲ್ಲಿ ಒಂದು ಬದಿಯಿಂದ ನಗು ಎದ್ದಿತು. ರಂಗೇರಿದೆ ಎಂದುಕೊಂಡು ನಾನು ಇನ್ನೂ ಮೇಲಿನ ಸ್ವರಕ್ಕೆ ಹೋದೆ.

"ಬರುವ ವರ್ಷ ಹಾರ್ಮೋನಿಯಂನವರನ್ನು ಮಾತ್ರ ಕರೆಯತಕ್ಕದ್ದು!"

"ಮಾತ್ರ ಕರೆಯತಕ್ಕದ್ದು!"

"ಢೋಲಕಿಯವರು ಬೇಡ!"

"ಬೇಡ, ಬೇಡ, ಬೇಡವೇ ಬೇಡ!" ಎಂದು ನಾನು ತಾನ್ ಹೊಡೆದು, ಕೈ ಮೇಲೆತ್ತಿ ಮುಗಿಸಿದೆ.

ಆಗ ಕಣ್ಣು ತೆರೆದೆ. ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತ್ತು. ವೇದಿಕೆಯ ಪಕ್ಕದಲ್ಲಿ ಕಾರ್ಯದರ್ಶಿಗಳು ತಮ್ಮ ಎರಡೂ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದರು. ನನ್ನ ಬಾಯಿಂದ ಏನೇನು ಬಿತ್ತು ಎಂಬುದು ಒಂದೊಂದಾಗಿ ತಲೆಗೆ ಹತ್ತತೊಡಗಿತು. ಈ ವೇದಿಕೆ ಉಳಿಯಲೆಂದು ನಾನು ತಲೆ ತಗ್ಗಿಸಿದ್ದೆ. ತಗ್ಗಿಸುವ ಮೊದಲೇ ಅವರು ನನ್ನ ಜೋಡಿಯನ್ನು ಕತ್ತರಿಸಿ ಇಟ್ಟಿದ್ದರು. ಕತ್ತರಿಸಿದ್ದನ್ನು ನಾನೇ ರಾಗ ಹಾಕಿ ಸಾರಿದ್ದೆ!

ಢೋಲಕಿಯವನು ಈಗ ನನ್ನನ್ನು ನೋಡುತ್ತಿದ್ದ. ಠೇಕಾ ನಿಲ್ಲಿಸಿರಲಿಲ್ಲ. ಮುಂದಿನ ಸಾಲನ್ನು ಎತ್ತಲೂ ಇಲ್ಲ. ನಮ್ಮ ಜೋಡಿಯಲ್ಲಿ ಮೊದಲ ಸಾಲನ್ನು ನಾನು ಎಂದೂ ಎತ್ತಿದವನಲ್ಲ. ಆವತ್ತು ಎತ್ತಿದೆ.

"ಢೋಲಕಿ ಇಲ್ಲಂದ್ರ ಪೇಟಿನೂ ಇಲ್ರಿ,
ಕರದ್ರ ಇಬ್ಬರ್ನೂ ಕರೀರಿ, ಇಲ್ಲಂದ್ರ ಬಿಡ್ರಿ!"

ಅವನು ತಿರುಗಿಸಿ ಹಾಡಿದ. ಎರಡನೆಯ ಸಲಕ್ಕೆ ಸಭೆಯೂ ತಿರುಗಿಸಿತು. ಹೋಟೆಲಿನವರು, ಅಂಗಡಿಯವರು, ಅವರ ಅತ್ತೆಯಂದಿರು, ಎಲ್ಲರೂ ಹಾಡಿದರು. ಕಾರ್ಯದರ್ಶಿಗಳು "ಪರದೆ! ಪರದೆ!" ಎಂದು ಕೂಗುತ್ತಿದ್ದರು. ಪರದೆಯವನು ಹಗ್ಗ ಬಿಟ್ಟು ತಾಳ ಹಾಕುತ್ತಿದ್ದ. ಆ ಹೊತ್ತಿಗೆ ಮುಖ್ಯ ಅತಿಥಿಗಳು ಬಾಗಿಲಿಗೆ ಬಂದರು. ಇಡೀ ಸಭಾಗೃಹ ಎದ್ದು ನಿಂತು "ಇಲ್ಲಂದ್ರ ಬಿಡ್ರಿ" ಎಂದು ಹಾಡುತ್ತಿರುವುದನ್ನು ನೋಡಿ, ತಮ್ಮನ್ನು ಸ್ವಾಗತಿಸುವ ಪದ್ಧತಿ ಇದೇ ಇರಬೇಕೆಂದು ಕೈಮುಗಿದರು.

ಕುಳಿತ ಮೇಲೆ ಅವರಿಗೆ ಯಾರೋ ಕಥೆಯನ್ನೆಲ್ಲ ಹೇಳಿದರು. ತಾವೂ ಕೇಳಲೇಬೇಕು ಎಂದರು. ಹೀಗಾಗಿ ಕಾರ್ಯದರ್ಶಿಗಳ ಸೂಚನೆಯನ್ನು ನಾವು ಮತ್ತೊಮ್ಮೆ, ಮೊದಲಿನಿಂದ ಕೊನೆಯವರೆಗೆ, ಅತಿಥಿಗಳ ಅಪೇಕ್ಷೆಯ ಮೇರೆಗೆ ಹಾಡಬೇಕಾಯಿತು.

ಒಳಗಿನ ಕೋಣೆಯಲ್ಲಿ ಪೇಟಿಯನ್ನು ಚೀಲಕ್ಕೆ ಹಾಕುತ್ತ ನಾನು, "ತಪ್ಪಾತು ತಮ್ಮಾ" ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಅದು ನಗುವಿನದ್ದೆಂದು ಅವನು ತಿಳಿಯಲಿ ಎಂದು ನಕ್ಕೆ. ಅವನು "ಚಾ ಕುಡಿಯೂಣು ನಡಿ" ಅಂದ. ಸಂಘದ ಅಧ್ಯಕ್ಷರು, ಸಾಸವಡದಲ್ಲಿ ಕಾಳುಕಡಿಯ ಭುಸಾರಿ ಅಂಗಡಿ ಇರುವ ಹಿರಿಯರು, ಒಳಗೆ ಬಂದು ಬರುವ ವರ್ಷವೂ ಇಬ್ಬರೂ ಬರಬೇಕು, ನಿಮ್ಮ ಮಾತಿನಲ್ಲೇ ಹಾಡಬೇಕು ಎಂದು ಎಲ್ಲರೆದುರು ಹೇಳಿ ಹೋದರು.

ಅವರ ಹಿಂದೆಯೇ ಕಾರ್ಯದರ್ಶಿಗಳು ಬಂದರು. ಮುಖ ಕೆಂಪಾಗಿತ್ತು. ಢೋಲಕಿಯವನ ಮುಂದೆ ನಿಂತು ಕೇಳಿದರು, "ಸತ್ಯ ಹೇಳಿ. ತಾವು ಹಾಡುತ್ತಿರುವುದು ಏನೆಂದು ತಮಗೆ ತಿಳಿದಿತ್ತೋ, ಇಲ್ಲವೋ?"

ಢೋಲಕಿಯವನು ಎದ್ದು ನಿಂತು, ಎರಡೂ ಕೈ ಜೋಡಿಸಿ, ಬಹಳ ವಿನಯದಿಂದ ಅಂದ:

"ಇಲ್ರಿ ಸಾಹೇಬ್ರ. ಭಾಳ ಶುದ್ಧ ಕನ್ನಡ ಇತ್ತಲ್ರಿ, ನಮ್ಮಂಥವ್ರಿಗೆ ಹೆಂಗ ತಿಳೀಬೇಕ್ರಿ?"